ಗಿಡ ಅವನದು, ನೆರಳು ನನ್ನದು

ಕಳೆದ ವಾರ ಪಕ್ಕದ ಮನೆಯ ಮಲ್ಲಣ್ಣ ಬೈಕಿನ ಹಿಂದೆ ಒಂದು ಹೊರೆ ಹಸಿ ಜೋಳದ ತೆನೆ ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಇಳಿಸಿದ. ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಅವನು ಬೈಕು ತಿರುಗಿಸಿ ಆಗಿತ್ತು.

“ಇಷ್ಟೊಂದು ಯಾಕ ಮಲ್ಲಣ್ಣ, ನಾವು ಇರೋರು ಮೂರು ಮಂದಿ,” ಅಂದೆ.

“ಎಂಟನೇ ಕರಾರು ವೈನಿ. ಹೊರಿ ಅಂತ ಬರಸ್ಯಾಳ, ಹಿಡಿ ಅಂತ ಬರಸಿಲ್ಲ. ಕಮ್ಮಿ ಮಾಡಿದ್ರ ಮ್ಯಾಲಿಂದ ಇಳದು ಬಂದು ಬೈತಾಳ,” ಅಂದು ಹೋಗಿಯೇ ಬಿಟ್ಟ.

ಮಧ್ಯಾಹ್ನ ಹಿತ್ತಲಲ್ಲಿ ಕುಳ್ಳಿನ ಕೆಂಡದ ಮೇಲೆ ತೆನೆ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ, ಉದುರಿದ ಹಾಲುಗಾಳಿನ ಸೀತನಿಯನ್ನು ಮೊರದಲ್ಲಿ ಕೇರುತ್ತ ಕೂತಾಗ ನನಗೆ ನಗು ಬರತೊಡಗಿತು. ಒಬ್ಬಳೇ ಕೂತು ನಗುವುದನ್ನು ಕಾನ್ವೆಂಟಿನ ಸಿಸ್ಟರುಗಳು ಒಪ್ಪುತ್ತಿರಲಿಲ್ಲ. ಆದರೆ ಆ ಎಂಟನೇ ಕರಾರನ್ನು ಬರೆದದ್ದು ನಾನೇ, ಕೆಂಪು ಶಾಯಿಯಲ್ಲಿ ಅಂಚು ಎಳೆದ ನೋಟುಬುಕ್ಕಿನಲ್ಲಿ, ದುಂಡು ಅಕ್ಷರದಲ್ಲಿ. ಬರೆಸಿದವಳು ಆಯಿ. ಅವಳು ತೀರಿಕೊಂಡು ಐದು ತಿಂಗಳಾಯಿತು.

ಆಯಿ ಎಂದರೆ ಮಲ್ಲಣ್ಣನ ತಾಯಿ. ಅವಳ ಹೆಸರು ಪಹಣಿಯಲ್ಲಿ ಬಹಳ ವರ್ಷ ಇತ್ತು, ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲಿ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

ನಾನು ಕಲಬುರ್ಗಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಶಹಾಪುರದ ಈ ಓಣಿಗೆ ಬಂದ ಮೊದಲ ವಾರ, ಕಟ್ಟೆಯ ಮೇಲೆ ಒಂದು ಮೊಣಕಾಲು ಮಡಿಸಿ ಕೂತಿದ್ದ ಈ ಹೆಂಗಸನ್ನು ಬಹಳ ವಿನಯದಿಂದ ಮಾತಾಡಿಸಿದೆ. ನೀವು ಊಟ ಮಾಡಿದಿರಾ, ನಿಮ್ಮ ಆರೋಗ್ಯ ಹೇಗಿದೆ, ನೀವು ಎಲ್ಲಿಗಾದರೂ ಹೊರಟಿದ್ದೀರಾ. ಅವಳು ಹಿಂದೆ ಮುಂದೆ ನೋಡಿದಳು.

“ಎಷ್ಟ ಮಂದಿನ್ನ ಮಾತಾಡ್ಸಾಕತ್ತಿ ಬೇ? ಇಲ್ಲಿ ನಾ ಒಬ್ಬಾಕಿನೇ ಕುಂತೀನಿ.”

ಅಂದಿನಿಂದ ಅವಳು ನನಗೆ ‘ನೀನು’. ನಾನು ಅವಳಿಗೆ ‘ಕಾನ್ವೆಂಟ್’. ಹೆಸರಿನ ಬದಲು ಹಾಗೇ ಕರೆಯುತ್ತಿದ್ದಳು: ಏ ಕಾನ್ವೆಂಟ್, ಮಜ್ಜಿಗಿ ಅದನು?

ನನ್ನ ದನಿ ಸಣ್ಣದು. ಕಾಯಿಪಲ್ಲೆ ಗಾಡಿಯವನನ್ನು ನಾನು ಬಾಗಿಲಲ್ಲಿ ನಿಂತು ಮೂರು ಸಲ ಕರೆದರೂ ಅವನು ದಾಟಿ ಹೋಗುತ್ತಿದ್ದ. ಆಗ ಆಯಿ ಕೂತಲ್ಲಿಂದಲೇ, ತಲೆಯನ್ನೂ ಎತ್ತದೆ, ಒಂದು ಸಲ “ಏ” ಅನ್ನುತ್ತಿದ್ದಳು. ಗಾಡಿ ನಿಲ್ಲುತ್ತಿತ್ತು. ಪಕ್ಕದ ಓಣಿಯಲ್ಲಿ ಹೋಗುತ್ತಿದ್ದ ಆಟೋ ಕೂಡ ನಿಲ್ಲುತ್ತಿತ್ತು. ಎಂಟು ಎಕರೆ ಎರೆಹೊಲದ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಎತ್ತನ್ನು ತಿರುಗಿಸಿ ಬೆಳೆದ ದನಿ ಅದು. ಅದಕ್ಕೆ ಓಣಿ ಚಿಕ್ಕದು.

ಅವಳ ಗಂಡ ಮುತ್ಯಾನಿಗೆ ಕಿವಿ ಮಂದ. ಮಗ ಬಗ್ಗಿ ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಕೇಳುತ್ತಿತ್ತು. ಆಯಿಯ ದನಿ ಮಾತ್ರ ಪೂರ್ತಿ ಕೇಳುತ್ತಿತ್ತು. ಎಲ್ಲದಕ್ಕೂ ಅವನ ಉತ್ತರ “ಹೂಂ”. ಊಟಕ್ಕೆ ಏಳು, ಹೂಂ. ಆ ರುಮಾಲು ತೊಳಿಬೇಕು, ಹೂಂ. ನಿನ್ನ ಕಟಕೊಂಡು ನಾ ಏನ್ ಸುಖಾ ಕಂಡೆ, ಹೂಂ.

ಇನ್ನೊಂದು ಅಭ್ಯಾಸ ಅವಳಿಗಿತ್ತು. ಸೆರಗಿನ ತುದಿಯಲ್ಲಿ ಯಾವಾಗಲೂ ನಾಲ್ಕು ಕಾಳು ಗಂಟು ಕಟ್ಟಿರುತ್ತಿದ್ದಳು. ಮಾತಾಡುವಾಗ ಒಂದನ್ನು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕುತ್ತಿದ್ದಳು. ಯಾರ ಮನೆಗೆ ಹೋದರೂ ಬೇಳೆ ಡಬ್ಬಿಗೆ ಕೈ ಹಾಕಿ ಒಂದು ಕಾಳು ಕಡಿದು ನೋಡುವಳು. “ಇದು ಎರಿ ತೊಗರಿ ಅಲ್ಲ, ಮಸಾರಿದು. ಅಂಗಡ್ಯಾಂವ ನಿನ್ನ ಮಾರಿ ನೋಡಿ ಕೊಟ್ಟಾನ.” ಕಪ್ಪು ನೆಲದ ತೊಗರಿಗೂ ಕೆಂಪು ನೆಲದ ತೊಗರಿಗೂ ರುಚಿ ಬೇರೆ ಎಂದು ಆಯಿ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಆದರೆ ಅಂಗಡಿಯಲ್ಲಿ ಒಂದು ಕಾಳು ಕಡಿದು ಸುಮ್ಮನೆ ಹುಬ್ಬು ಏರಿಸುತ್ತೇನೆ. ಅಂಗಡಿಯವನು ಬೇರೆ ಚೀಲ ಬಿಚ್ಚುತ್ತಾನೆ.

ಅವಳ ಹೊಲ ಇದ್ದದ್ದು ವನದುರ್ಗಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ. ನಡುವೆ ಒಂದು ದೊಡ್ಡ ಬೇವಿನ ಗಿಡ. ಪಹಣಿಯಲ್ಲಿ ಅವಳ ಹೆಸರೂ ಮುತ್ಯಾನ ಹೆಸರೂ ಜೊತೆಗಿದ್ದವು. ಎಪ್ಪತ್ತೈದು ದಾಟಿದ ಮೇಲೂ ದಿನ ಬೆಳಗಾದರೆ ಮೊದಲ ಬಸ್ಸಿಗೆ ಹೋಗಿ, ಮಲ್ಲಣ್ಣ ಮಾಡಿದ್ದನ್ನೆಲ್ಲ ಒಮ್ಮೆ ನೋಡಿ, ಅರ್ಧವನ್ನು ಮತ್ತೆ ಮಾಡಿಸಿ, ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ತಿಂದು ಸಂಜೆ ಬಸ್ಸಿಗೆ ಬರುತ್ತಿದ್ದಳು.

ಒಂದು ಮಧ್ಯಾಹ್ನ, ಅಪರೂಪಕ್ಕೆ ಅವಳು ಮನೆಯಲ್ಲೇ ಇದ್ದಳು, ನಾವಿಬ್ಬರೂ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದೆವು. ಮಲ್ಲಣ್ಣ ಹೊಲದಿಂದ ಫೋನು ಮಾಡಿದ. ಎಡಗಡೆಯ ಎತ್ತಿನ ಮೂಗುದಾರ ಸವೆದಿದೆ, ಬದಲಿಸಲೋ ಬೇಡವೋ ಎಂದು ಅವ್ವನನ್ನು ಕೇಳಲು. ಮಲ್ಲಣ್ಣನಿಗೆ ಆಗ ನಲವತ್ತೈದು. ಆಯಿ “ಬದಲಿಸು” ಎಂದು ಫೋನು ಇಟ್ಟವಳು ಬಹಳ ಹೊತ್ತು ಶೇಂಗಾ ಮುಟ್ಟಲಿಲ್ಲ.

“ಎತ್ತಿಗಿ ಅಲ್ಲ ಬೇ, ಮೂಗುದಾರ ಇವಂಗ ಹಾಕೀನಿ ನಾ,” ಅಂದಳು. ಆಮೇಲೆ, “ಬಿಚ್ಚಬೇಕು. ನಾ ಇರೂತ್ಲೇ ಬಿಚ್ಚಬೇಕು.”

ಹೀಗೆ ಹೊಲವನ್ನು ಮಗನ ಹೆಸರಿಗೆ ಮಾಡುವ ನಿರ್ಧಾರವಾಯಿತು. ಕೊಡುವುದಕ್ಕೆ ಅವಳ ಮನಸ್ಸು ತಕ್ಷಣ ಒಪ್ಪಿತು. ಬಿಡುವುದಕ್ಕೆ ಒಪ್ಪಲಿಲ್ಲ. ಆ ಎರಡರ ನಡುವಿನ ಜಾಗದಲ್ಲಿ ನನ್ನ ನೋಟುಬುಕ್ಕು ಬಂತು.

ದಾನಪತ್ರದಲ್ಲಿ ಕರಾರು ಹಾಕಬಹುದು ಎಂದು ಯಾರೋ ಅವಳಿಗೆ ಹೇಳಿದ್ದರು. ಎರಡು ವಾರ ದಿನಾ ಸಂಜೆ ಹೊಲದಿಂದ ಬಂದು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬರೆಸಿದಳು. ನಾನು ಅಡಿಕೋಲು ಹಿಡಿದು ಅಂಚು ಎಳೆದೆ, ಸಂಖ್ಯೆ ಹಾಕಿದೆ. ಮೊದಲನೆಯದು: ಬೆಳಗಿನ ಎಮ್ಮೆ ಹಾಲಿನ ಕೆನೆ ಅವ್ವನ ಚಹಾಕ್ಕೆ ಬರಬೇಕು, ಸೊಸೆ ತೆಗೆದಿಡಬಾರದು. ಎರಡನೆಯದು: ಎತ್ತು ಮಾರುವುದಾದರೆ ಮೊದಲೇ ಹೇಳಬೇಕು, ಮಾರಿದ ಮೇಲಲ್ಲ. ಹೋಗುವ ಎತ್ತಿಗೆ ಅವ್ವನ ಕೈಯ ಹೋಳಿಗೆ ತಿನ್ನಿಸಿಯೇ ಕಳಿಸಬೇಕು.

“ಮೂರನೇದು ಬರಿ. ಬೇವಿನ ಗಿಡ ಅಂವಂದು, ನೆರಳು ನಂದು.”

“ಅದು ಹ್ಯಾಂಗ ಆಯಿ? ಗಿಡ ಯಾರದೋ ನೆರಳೂ ಅವರದೇ ಅಲ್ಲ?”

“ಗಿಡ ಅಂದ್ರ ಕಟಗಿ. ನಾಳೆ ಕಡದು ಬಾಗಲಾ ಮಾಡ್ಸ್ಲಿ, ನಾ ಏನೂ ಅನ್ನಂಗಿಲ್ಲ. ನೆರಳು ಇರೂತನ ನಂದು.”

ಗಿಡ ಕಡಿದರೆ ನೆರಳು ಎಲ್ಲಿರುತ್ತದೆ ಎಂದು ಕೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಬರೆದುಕೊಂಡೆ. ಅವಳಿಗೆ ಅದು ಗೊತ್ತಿತ್ತು.

ಆರನೆಯದು, ಬಿತ್ತುವ ದಿನ ಕೂರಿಗೆಗೆ ಮೊದಲ ಮುಷ್ಟಿ ಬೀಜ ಅವ್ವನ ಕೈಯಿಂದ. ಏಳನೆಯದು, ಸೊಸೆ ಶಾಂತಮ್ಮ ತವರಿಗೆ ಹೋದರೆ ಮೂರು ದಿನದೊಳಗೆ ಬರಬೇಕು, ಹೆಚ್ಚು ಉಳಿಯುವುದಿದ್ದರೆ ಅತ್ತೆಯನ್ನೂ ಕರೆದುಕೊಂಡು ಹೋಗಬೇಕು. ಇದು ಸೊಸೆಯ ಮೇಲಿನ ಸಿಟ್ಟಲ್ಲ. ಶಾಂತಮ್ಮನ ತವರು ಸುರಪುರದ ಕಡೆ, ಅಲ್ಲಿಯ ಶೇಂಗಾ ಹೋಳಿಗೆ ಆಯಿಗೆ ಬಹಳ ಇಷ್ಟ. ಎಂಟನೆಯದು, ಸೀತನಿ ಕಾಲಕ್ಕೆ ಮೊದಲ ಹೊರೆ ಮನೆಗೆ, ಎರಡನೇ ಹೊರೆ ಪಕ್ಕದ ಮನೆ ಕಾನ್ವೆಂಟಿಗೆ.

“ನಂದು ಬ್ಯಾಡ ಆಯಿ, ಚಂದ ಕಾಣಂಗಿಲ್ಲ. ಬರಿಯೋಳು ನಾನೇ.”

“ಬರಿಯೋಳಿಗಿ ಏನೂ ಇಲ್ಲಂದ್ರ ಅಕ್ಷರ ಸೊಟ್ಟ ಬರ್ತಾವ. ಬರಿ.”

ಒಂಬತ್ತನೆಯದು ಮುತ್ಯಾನ ಪಾಲಿನದು. ನಿನಗೇನು ಬೇಕು ಎಂದು ಆಯಿ ಅಂಗಳಕ್ಕೆ ಕೂಗಿ ಕೇಳಿದಳು. ಅಲ್ಲಿಂದ “ಹೂಂ” ಬಂತು.

“ಬರಿ, ಹೂಂ.”

“ಬರೇ ಹೂಂ? ಹೂಂ ಅಂದ್ರ ಏನಂತ ತಿಳೀಬೇಕು?”

“ಅಂವಂದೆಲ್ಲಾ ಅದರಾಗೇ ಬರ್ತದ.”

ಹಾಗಾಗಿ ನನ್ನ ನೋಟುಬುಕ್ಕಿನಲ್ಲಿ ಇಂದಿಗೂ ಇದೆ: ೯. ಮುತ್ಯಾನಿಗೆ: ಹೂಂ.

ಹೀಗೆ ಇಪ್ಪತ್ತೆರಡಾದವು. ನೋಂದಣಿ ಕಚೇರಿಯ ಎದುರು ಗಿಡದ ಕೆಳಗೆ ಮೇಜು ಹಾಕಿಕೊಂಡು ಪತ್ರ ಬರೆಯುವವರು ಕೂಡುತ್ತಾರೆ. ಅವರನ್ನು ನಮ್ಮಲ್ಲಿ ಬಾಂಡ್ ರೈಟರ್ ಅನ್ನುತ್ತಾರೆ. ಅವರಲ್ಲೊಬ್ಬ ಹಿರಿಯರ ಮುಂದೆ ನಾವೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತೆವು. ನಾನು ಗೌರವದಿಂದ ನೋಟುಬುಕ್ಕು ಒಪ್ಪಿಸಿದೆ. ಅವರು ಒಂದು ಪುಟ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

“ಆಯಿ, ಇದು ಸರಕಾರಿ ಕಾಗದ. ಇದರಾಗ ಸೀತನಿ ಹ್ಯಾಂಗ ಬರೀಲಿ?”

“ಜ್ವಾಳ ಹ್ಯಾಂಗ ಬರೀತಿ, ಹಂಗ.”

“ನೆರಳಿಗೆ ಸರ್ವೆ ನಂಬರ್ ಇಲ್ರಿ.”

“ಹಾಕು. ನೀ ಹಾಕಿದ್ರ ಆಗ್ತದ.”

ಅವರು ಬಹಳ ತಾಳ್ಮೆಯ ಮನುಷ್ಯ. ಇವೆಲ್ಲಕ್ಕೂ ಸೇರಿ ಒಂದೇ ಸಾಲು ಬರೆಯುತ್ತೇನೆ ಎಂದು ಓದಿ ತೋರಿಸಿದರು: ದಾನ ಪಡೆದ ಮಗನು ತಂದೆತಾಯಿಯರನ್ನು ಜೀವನಪರ್ಯಂತ ಪೋಷಣೆ ಮಾಡತಕ್ಕದ್ದು.

ಆಯಿ ನನ್ನ ಕಡೆ ತಿರುಗಿದಳು. “ಪೋಷಣೆ ಅಂದ್ರ ಏನ್ ಬೇ?”

“ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಜಡ್ಡಾದ್ರ ಔಷಧ ಕೊಡಿಸಿ, ನೋಡಿಕೊಳ್ಳೋದು ಆಯಿ.”

“ಅಷ್ಟು ಎಮ್ಮಿಗೂ ಮಾಡ್ತೀವಿ.”

ಬೆಂಚಿನ ತುದಿಯಲ್ಲಿ ಬೇರೆ ಯಾವುದೋ ಕೆಲಸಕ್ಕೆ ಬಂದು ಕೂತಿದ್ದ ಮುದುಕರೊಬ್ಬರು “ಖರೆ ಹೇಳಿದಿ ನೋಡವ್ವಾ” ಎಂದು ಎದ್ದು ಇತ್ತ ಸರಿದು ಕೂತರು. ಬಾಂಡ್ ರೈಟರ್ ಕೊನೆಗೆ ಒಂದು ದಾರಿ ಹೇಳಿದರು. ಕಾಗದದಲ್ಲಿ ಆ ಒಂದು ಸಾಲು ಇರಲಿ. ನೋಟುಬುಕ್ಕು ಮನೆಯ ಕರಾರಾಗಿ ಬೇರೆ ಇರಲಿ. ಪ್ರತಿ ಪುಟಕ್ಕೂ ಮಲ್ಲಣ್ಣ ಸಹಿ ಹಾಕಲಿ, ಸಾಕ್ಷಿಗೆ ತಾವೂ ಹಾಕುವುದಾಗಿ ಹೇಳಿದರು.

ಮಲ್ಲಣ್ಣ ಇಪ್ಪತ್ತೆರಡನ್ನೂ ಓದಿದ. ಏಳನೆಯದು ಓದುವಾಗ ಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎಲ್ಲ ಪುಟಕ್ಕೂ ಸಹಿ ಮಾಡಿದ. ಪೆನ್ನು ಮಾತ್ರ ಕೊಡಲಿಲ್ಲ.

“ನಂದೂ ಒಂದ್ ಅದ ವೈನಿ. ಬರ್ಕೋರಿ.”

ಇವನಿಗೂ ಒಂದು ಇರಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಆಯಿಯ ಬೆರಳುಗಳ ನಡುವೆ ತಿರುಗುತ್ತಿದ್ದ ಕಾಳು ನಿಂತಿತು.

“ಮೊದಲನೇ ಮುಷ್ಟಿ ನಿಂದೇ ಅವ್ವಾ, ಅದು ಆರನೇದ್ರಾಗ ಬಂದದ. ಮುಷ್ಟಿ ಹಾಕಿ ಮನಿಗಿ ಬಂದ್ಬಿಡು. ಅಲ್ಲಿಂದ ಎಳ್ಳಮಾಸಿತನ ನೀ ಹೊಲಕ್ಕ ಬರಬಾರ್ದು. ಈ ಒಂದು ಬೆಳಿ ನಾ ಒಬ್ಬನ ಮಾಡ್ತೀನಿ.”

“ತಪ್ಪ ಮಾಡಿದ್ರ?”

“ನಂದೇ ತಪ್ಪ ಇರ್ತದ.”

ಬಿತ್ತನೆಯಿಂದ ಎಳ್ಳಮಾವಾಸ್ಯೆಗೆ ಮೂರು ತಿಂಗಳು. ಐವತ್ತೈದು ವರ್ಷದಲ್ಲಿ ಆಯಿ ಹೊಲ ಬಿಟ್ಟು ಒಟ್ಟಿಗೆ ಮೂರು ವಾರ ಇದ್ದದ್ದು ಮಲ್ಲಣ್ಣ ಹುಟ್ಟಿದಾಗ ಮಾತ್ರ. ಅವಳು ಮುತ್ಯಾನ ಕಡೆ ನೋಡಿದಳು. ಅವನಿಗೆ ಏನೂ ಕೇಳಿಸಿರಲಿಲ್ಲ, ಆದರೆ ಅವಳು ನೋಡಿದಳೆಂದು “ಹೂಂ” ಅಂದ.

“ಬರಿ ಬೇ,” ಅಂದಳು ನನಗೆ. ಬರೆದೆ. ಇಪ್ಪತ್ಮೂರು.

ಕಚೇರಿಯ ಒಳಗೆ ಇನ್ನೊಂದು ಫಜೀತಿ. ಹೆಬ್ಬೆರಳು ಒತ್ತುವ ಯಂತ್ರ ಆಯಿಯ ಬೆರಳನ್ನು ಒಪ್ಪಲಿಲ್ಲ. ಒರೆಸಿ ಒತ್ತಿಸಿದರು, ಎಣ್ಣೆ ಸವರಿ ಒತ್ತಿಸಿದರು, ಎಡಗೈ ನೋಡಿದರು. ಗೆರೆ ಕಾಣುತ್ತಿಲ್ಲ ಅಜ್ಜಿ ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು.

“ಗೆರಿ ಎಲ್ಲಾ ಆ ಹೊಲದಾಗ ಸವದಾವ ತಂಗಿ. ಮಷೀನ್ ತಗೊಂಡು ಅಲ್ಲಿಗೇ ಬಾ, ಒತ್ತಿಕೊಡ್ತೀನಿ.”

ಏಳನೇ ಸಲಕ್ಕೆ ಯಂತ್ರವೇ ಸೋತು ಹೂಂ ಅಂದಿತು. ಹೊಲ ಮಲ್ಲಣ್ಣನದಾಯಿತು.

ಆ ಮೂರು ತಿಂಗಳು ನನ್ನ ಜೀವನದ ಅತ್ಯಂತ ಗದ್ದಲದ ಮೂರು ತಿಂಗಳು. ಆಯಿ ಮುಷ್ಟಿ ಹಾಕಿ ಬಂದ ಮರುದಿನವೇ ಬೆಳಿಗ್ಗೆ ಐದಕ್ಕೆ ನಮ್ಮ ಬಾಗಿಲಲ್ಲಿದ್ದಳು. ಹೋಗಲು ಬೇರೆ ಜಾಗವಿಲ್ಲ. ನನ್ನ ಹಿತ್ತಲಿನ ಒಂದು ಚಾಪೆಯಷ್ಟು ನೆಲದಲ್ಲಿ ಮೆಂತ್ಯ ಬಿತ್ತಿ, ಕಿತ್ತು, ಮತ್ತೆ ಬಿತ್ತಿದಳು. ಕುಂಡದ ತುಳಸಿಗೂ ಕಸ ತೆಗೆದು, ಮಣ್ಣು ಸಡಿಲಿಸಿ, ಎಡೆ ಹೊಡೆದಳು. ಸಂಜೆ ಮಲ್ಲಣ್ಣ ಬರುತ್ತಲೇ ಅವನ ಕಡೆ ನೋಡದೆ ಅವನು ಬಿಟ್ಟ ಚಪ್ಪಲಿಯ ಕಡೆ ನೋಡುವಳು. ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದು, ಮೂಸಿ, ನನ್ನ ಕಿವಿಯಲ್ಲಿ ಹೇಳುವಳು: “ಇವತ್ತ ತಗ್ಗಿನ ಮಡಿಗಿ ಹೋಗ್ಯಾನ. ಹಸಿ ಇನ್ನಾ ಅದ. ಚಲೋ ಆತು.” ಒಂದೂ ಪ್ರಶ್ನೆ ಕೇಳಲಿಲ್ಲ. ಕರಾರಿನಲ್ಲಿ ಬರಬಾರದು ಎಂದಿತ್ತು, ಕೇಳಬಾರದು ಎಂದಿರಲಿಲ್ಲ. ಆದರೂ ಕೇಳಲಿಲ್ಲ. ಅದಕ್ಕೆ ಅವಳು ಎಷ್ಟು ಹಲ್ಲು ಕಚ್ಚಬೇಕಾಯಿತು ಎಂಬುದು ನನ್ನ ತುಳಸಿಗೆ ಗೊತ್ತು.

ಒಂದು ದಿನ ವನದುರ್ಗದಲ್ಲಿ ಅವರ ಸಂಬಂಧಿಕರ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯ ಬಂತು. ಜೊತೆಗೆ ನನ್ನನ್ನೂ ಹೊರಡಿಸಿದಳು. ಬಸ್ಸು ಅವಳ ಹೊಲದ ಪಕ್ಕದಲ್ಲೇ ಹೋಗಬೇಕು.

“ಆಯಿ, ಇದು ಕರಾರಿಗೆ ವಿರುದ್ಧ ಆಗೂದಿಲ್ಲೇನು?”

“ನಾ ಎಲ್ಲಿ ಹೋಗಾಕತ್ತೀನಿ ಬೇ. ಬಸ್ ಹೋಗಾಕತ್ತದ.”

ಆದರೆ ಹೊಲ ಹತ್ತಿರ ಬಂದಾಗ ಅವಳಿಗೇ ಮನಸ್ಸು ಒಪ್ಪಲಿಲ್ಲ. ಸೆರಗು ಎಳೆದು ಮುಖದ ತುಂಬ ಹೊದ್ದುಕೊಂಡಳು. ಕೈಯಿಂದ ನನ್ನ ತೊಡೆಯನ್ನು ತಿವಿದಳು. “ನೋಡಿ ಹೇಳು. ಜಲ್ದಿ ಹೇಳು.”

ನಾನು ಕಿಟಕಿಯಿಂದ ನೋಡಿದೆ. “ಹಸಿರು ಅದ ಆಯಿ.”

“ಗಿಳಿನೂ ಹಸಿರು ಅದ. ಎಷ್ಟೆತ್ತರ ಅದ?”

ಅಷ್ಟರಲ್ಲಿ ಕಂಡಕ್ಟರ್ ಬಗ್ಗಿ ನೋಡಿದ. “ಯಾಕ್ ಆಯಿ, ನಿನ್ನ ಹೊಲ ನಿನಗ ನೋಡಾಕ ನಾಚಿಕಿನು?” ನಾನು ಸಣ್ಣ ದನಿಯಲ್ಲಿ ಇಪ್ಪತ್ಮೂರನೇ ಕರಾರು ವಿವರಿಸಿದೆ. ಅವನು ಅದನ್ನು ದ್ವಿಗುಣ ಮಾಡಿ ಇಡೀ ಬಸ್ಸಿಗೆ ವಿವರಿಸಿದ. ಡ್ರೈವರ್ ವೇಗ ತಗ್ಗಿಸಿದ. ಎಲ್ಲರೂ ಎಡಗಡೆಯ ಕಿಟಕಿಗೆ ಬಂದರು.

“ಮಣಕಾಲಮಟ ಅದ ಆಯಿ.”

“ಯಾವ ಮಣಕಾಲೋ, ತೊಡಿಮಟ ಅದ ಅನ್ರಿ.”

“ಕಸಾ ಇಲ್ಲ. ಕಸಬರಿಗಿ ಹೊಡದಂಗ ಅದ ಹೊಲ.”

ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬಳು, “ಆದ್ರ ರಸ್ತೆ ಬಾಜೂಕ ಕುಸುಬಿ ಸಾಲು ಇಲ್ಲಲ್ಲ ಆಯಿ,” ಅಂದಳು.

ಕುಸುಬೆ ಗಿಡದ ತುಂಬ ಮುಳ್ಳು. ರಸ್ತೆಯ ಅಂಚಿಗೆ ಅದನ್ನು ಎರಡು ಸಾಲು ಬಿತ್ತಿದರೆ ದನ ಒಳಗೆ ನುಗ್ಗುವುದಿಲ್ಲ. ಆ ಸಾಲು ತಪ್ಪಿಸುವುದೆಂದರೆ ಆಯಿಗೆ ಬಾಗಿಲಿಲ್ಲದ ಮನೆ ಕಟ್ಟಿದ ಹಾಗೆ. ಆದರೂ ಅವಳು ಸೆರಗು ತೆಗೆಯಲಿಲ್ಲ. ತೊಟ್ಟಿಲಿಗೆ ಹಾಡುವಾಗಲೂ ತುಟಿಯಲ್ಲಿ ಜೋಗುಳ, ಕಣ್ಣಲ್ಲಿ ಕುಸುಬೆ. ಮುಂದಿನ ಒಂದು ತಿಂಗಳು ಮಗನ ಎದುರು ಆ ಶಬ್ದ ಎತ್ತಲಿಲ್ಲ. ಅಡುಗೆಗೆ ಕುಸುಬೆ ಎಣ್ಣೆ ಹಾಕಬೇಡ ಎಂದು ಸೊಸೆಗೆ ಹೇಳಿದಳು, ಅಷ್ಟೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿಪಲ್ಲೆ, ಕಡುಬು, ಹೋಳಿಗೆ, ಅಂಬಲಿ ಕಟ್ಟಿಕೊಂಡು ಎಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜಿಸಿ, ಆ ಅಡುಗೆಯನ್ನು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಬಸುರಿಗೆ ಬಯಕೆ ಊಟ ಬಡಿಸಿದಂತೆ ಭೂಮಿಗೆ. ಮುಂದೆ ಒಬ್ಬರು ಚೆಲ್ಲುತ್ತ “ಹುಲ್ಲುಲಿಗ್ಯೋ” ಎಂದು ಕೂಗಬೇಕು. ಹಿಂದೆ ಒಬ್ಬರು ನೀರು ಚಿಮುಕಿಸುತ್ತ “ಚಲ್ಲಂಬರಿಗ್ಯೋ” ಎಂದು ಓಗೊಡಬೇಕು. ಐವತ್ತೈದು ವರ್ಷ ಆ ಹೊಲದಲ್ಲಿ ಮುಂದೆ ಆಯಿ, ಹಿಂದೆ ಮುತ್ಯಾ. ವರ್ಷದಲ್ಲಿ ಆ ಒಂದು ದಿನ ಅವನ ಬಾಯಿಂದ ‘ಹೂಂ’ ಅಲ್ಲದ ಶಬ್ದ ಹೊರಡುತ್ತಿತ್ತು.

ಆಯಿ ಹಸಿರು ಇಳಕಲ್ ಸೀರೆ ಉಟ್ಟು ಬಂಡಿಯ ಮುಂದೆ ಕೂತಿದ್ದಳು. ಹೊಲದ ಮುಂದೆ ಬಂಡಿ ನಿಂತಾಗ ಇಳಿಯಲಿಲ್ಲ. ಜೋಳ ಹೊಡೆ ಹಿರಿದು, ತೆನೆ ತೋರಿಸಿ ನಿಂತಿತ್ತು. ಬೈಯಲು ಏನಾದರೂ ಸಿಗುತ್ತದೋ ಎಂದು ಹುಡುಕುವಂತೆ ಅವಳ ಕಣ್ಣು ಸಾಲಿನಿಂದ ಸಾಲಿಗೆ ಹೋಯಿತು. ಆಮೇಲೆ ಕಂಡಿತು. ಕುಸುಬೆ ಇತ್ತು. ಅಂಚಿನಲ್ಲಲ್ಲ, ಒಂದು ಮಾರು ಒಳಗೆ. ರಸ್ತೆಯ ಅಂಚಿಗೂ ಕುಸುಬೆಗೂ ನಡುವೆ ಒಂದಾಳು ನಡೆಯುವಷ್ಟು ಬರಿ ನೆಲ ಬಿಟ್ಟಿದ್ದ. ಅದು ಬದುವಿನ ಗುಂಟ ಹೋಗಿ, ತಿರುಗಿ, ನೇರ ಬೇವಿನ ಗಿಡಕ್ಕೆ ಮುಟ್ಟಿತ್ತು.

“ಇದೇನೋ? ಒಂದು ಸಾಲು ಜ್ವಾಳ ಹಾಳ ಮಾಡಿ?”

“ದಾರಿ ಅವ್ವಾ,” ಅಂದ ಮಲ್ಲಣ್ಣ. “ವರ್ಷಾ ಕುಸುಬಿ ಮುಳ್ಳಿಗಿ ಸೀರಿ ಹರಕೊಂತಿದ್ದಿ. ನೆರಳು ನಂದು ಅಂತ ಬರಸಿದಿ. ಅಲ್ಲಿಗಿ ಹೋಗೂ ದಾರಿ ಬರಸೋದ ಮರತಿದ್ದಿ.”

ಆಯಿ ಬಂಡಿಯಿಂದ ಇಳಿದು ಆ ದಾರಿಯಲ್ಲಿ ಒಬ್ಬಳೇ ಗಿಡದವರೆಗೆ ನಡೆದಳು. ಬೇಕೆಂದೇ ಸೆರಗು ಇಳಿಬಿಟ್ಟು ನಡೆದಳು. ಎಲ್ಲೂ ಸಿಕ್ಕಲಿಲ್ಲ. ಅಲ್ಲಿ ಹೋಗಿ ತಿರುಗಿ ನಿಂತು, “ಎರಡು ಮೊಳ ಹೆಚ್ಚ ಬಿಟ್ಟಿ, ದಂಡ,” ಎಂದು ಕೂಗಿದಳು. ಮಲ್ಲಣ್ಣನ ಮುಖ ಅರಳಿತು. ಅವನಿಗೆ ಬೇಕಾಗಿದ್ದುದು ಅದೇ ಇರಬೇಕು.

ಪೂಜೆಯಾಯಿತು. ಚರಗದ ಬುಟ್ಟಿ ತುಂಬಿತು. ಎಲ್ಲರೂ ಎದ್ದು ನಿಂತಾಗ ಆ ಪ್ರಶ್ನೆ ಬಂತು. ಚರಗ ಚೆಲ್ಲಿ ಕೂಗುವುದು ಹೊಲದ ಒಡೆತನ ಇದ್ದವರು. ಈಗ ಒಡೆಯ ಮಲ್ಲಣ್ಣ. ಆಯಿ ನನ್ನ ಕಡೆ ನೋಡಿದಳು, ನಾನು ಚೀಲದಿಂದ ನೋಟುಬುಕ್ಕು ತೆಗೆದು ಒಂದರಿಂದ ಓದಿದೆ. ಕೆನೆ ಇತ್ತು, ಎತ್ತು ಇತ್ತು, ಹೋಳಿಗೆ ಇತ್ತು. ಚರಗ ಇರಲಿಲ್ಲ. ಬೇರೆ ಯಾರಾದರೂ ಕೂಗಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಅದಕ್ಕೇ ಬರೆಸಿರಲಿಲ್ಲ.

ಆಯಿ ಬೇವಿನ ನೆರಳಿನಲ್ಲಿ ಕೂತುಬಿಟ್ಟಳು. “ಹೋಗು. ಹೊಲ ನಿಂದು, ಕೂಗೂ ನಿಂದು,” ಅಂದಳು. ಸೆರಗಿನ ಗಂಟು ಬಿಚ್ಚಿ ಕಾಳು ತೆಗೆದಳು, ಮತ್ತೆ ಕಟ್ಟಿದಳು.

ಮಲ್ಲಣ್ಣ ಮೂಲೆಗೆ ಹೋಗಿ ಮೊದಲ ಹಿಡಿ ಎತ್ತಿ “ಹುಲ್ಲುಲಿಗ್ಯೋ” ಅಂದ. ಬಸ್ಸಿನಲ್ಲಿ ಚಿಲ್ಲರೆ ಕೇಳುವವರ ಹಾಗಿತ್ತು. ಹಿಂದೆ ನೀರಿನ ತಂಬಿಗೆ ಹಿಡಿದ ಮುತ್ಯಾ ಸುಮ್ಮನೆ ನಿಂತಿದ್ದ. ಮಲ್ಲಣ್ಣ ಮತ್ತೆ ಕೂಗಿದ. ಮುತ್ಯಾ ಆಕಾಶ ನೋಡಿದ.

“ಮಾಮಾ, ಓಗೊಡ್ರಿ,” ಎಂದು ಶಾಂತಮ್ಮ ಅವನ ಭುಜ ಅಲುಗಿಸಿದಳು.

“ಆಕಿ ಇನ್ನಾ ಕೂಗಿಲ್ಲಲ್ಲ,” ಅಂದ ಮುತ್ಯಾ.

ಅಕ್ಕಪಕ್ಕದ ಹೊಲದವರೆಲ್ಲ ಚರಗ ಮುಗಿಸಿ ಊಟಕ್ಕೆ ಕೂತು ನಮ್ಮ ಕಡೆಗೇ ನೋಡುತ್ತಿದ್ದರು. ಮಲ್ಲಣ್ಣ ಬುಟ್ಟಿ ಹೊತ್ತೇ ಓಡುತ್ತ ನನ್ನ ಹತ್ತಿರ ಬಂದ. “ವೈನಿ, ಇಪ್ಪತ್ನಾಲ್ಕನೇದು ಬರೀರಿ. ಚೆಲ್ಲೋದು ಮಗಂದು, ಕೂಗು ಅವ್ವಂದು. ಆಕಿ ಇರೂತನ.”

ಬಂಡಿಯ ಗಾಲಿಯ ಮೇಲೆ ಪುಸ್ತಕ ಇಟ್ಟು ಬರೆದೆ. ಅಂಚು ಎಳೆಯಲು ಅಡಿಕೋಲು ಇರಲಿಲ್ಲ, ಅಕ್ಷರವೂ ಸೊಟ್ಟಗಾಯಿತು.

“ಆಮ್ಯಾಲಿಂದು?” ಎಂದು ಕೇಳಿದೆ. ಕಾನ್ವೆಂಟಿನ ಬುದ್ಧಿ, ಯಾವುದನ್ನೂ ಅರ್ಧಕ್ಕೆ ಬಿಡಬಾರದು.

ಆಯಿ ಅಷ್ಟರಲ್ಲಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. “ಆಮ್ಯಾಲಿಂದು ಆಮ್ಯಾಲ. ಒಂದು ಸಾಲು ಖಾಲಿ ಬಿಡು,” ಅಂದವಳೇ ಬಾಯಿ ತೆರೆದು ಕೂಗಿದಳು. ಮೂರು ತಿಂಗಳು ಕೂಡಿಟ್ಟ ಕೂಗು. ಬೇವಿನ ಗಿಡದ ಹಕ್ಕಿಗಳೆಲ್ಲ ಎದ್ದವು. ಮುತ್ಯಾ ಬೆಚ್ಚಿ, ನಕ್ಕು, ಅಷ್ಟೇ ಜೋರಾಗಿ ಓಗೊಟ್ಟ.

ಆಮೇಲೆ ಇನ್ನೆರಡು ಎಳ್ಳಮಾವಾಸ್ಯೆ ಅವಳು ಕೂಗಿದಳು. ಕಳೆದ ಶ್ರಾವಣದಲ್ಲಿ, ಕೆನೆ ಹಾಕಿದ ಚಹಾ ಕುಡಿದು, ಸಕ್ಕರೆ ಕಮ್ಮಿಯಾಯಿತೆಂದು ಸೊಸೆಗೆ ಬೈದು, ಕಟ್ಟೆಯ ಕಂಬಕ್ಕೆ ಒರಗಿ ಕೂತವಳು ಹಾಗೇ ಹೋಗಿಬಿಟ್ಟಳು. ಬೆರಳುಗಳ ನಡುವೆ ಒಂದು ಜೋಳದ ಕಾಳು ಇತ್ತು. ಅದನ್ನು ಮಲ್ಲಣ್ಣ ಬೀಜದ ಚೀಲಕ್ಕೆ ಹಾಕಿದ.

ಈ ವರ್ಷದ ಎಳ್ಳಮಾವಾಸ್ಯೆಗೆ ನಾನೂ ಹೋಗಿದ್ದೆ. ಖಾಲಿ ಸಾಲಿನ ನೋಟುಬುಕ್ಕು ಚೀಲದಲ್ಲಿತ್ತು. ಪೂಜೆಯಾಗಿ ಮಲ್ಲಣ್ಣ ಬುಟ್ಟಿ ಹೊತ್ತು ಮೂಲೆಗೆ ಹೋದ. ಹಿಡಿ ಎತ್ತಿದ. ಬಾಯಿ ತೆರೆದ. ದನಿ ಬರಲಿಲ್ಲ. ಶಾಂತಮ್ಮ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

ಆಗ ಮುತ್ಯಾ ನೀರಿನ ತಂಬಿಗೆಯನ್ನು ಶಾಂತಮ್ಮನ ಕೈಗೆ ಕೊಟ್ಟ. ಮಗನನ್ನು ದಾಟಿ ಮುಂದೆ ಹೋದ. ಎದೆ ತುಂಬ ಉಸಿರು ಎಳೆದುಕೊಂಡ.

“ಹುಲ್ಲುಲಿಗ್ಯೋ.”

ಐವತ್ತೆಂಟು ವರ್ಷ ಬೆನ್ನ ಹಿಂದೆ ನಡೆದು ಕೇಳಿದ ಕೂಗು. ಏರಿಳಿತ ಒಂದೂ ತಪ್ಪಿರಲಿಲ್ಲ. ಮಲ್ಲಣ್ಣ ಸಾವರಿಸಿಕೊಂಡು “ಚಲ್ಲಂಬರಿಗ್ಯೋ” ಎಂದು ಓಗೊಟ್ಟ. ಆದರೆ ಅದು ಮುತ್ಯಾನಿಗೆ ಕೇಳಲಿಲ್ಲ. ಓಗೊಟ್ಟಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಕೂಗಿದ, ಮುಂದೆ ನಡೆದ. ಮತ್ತೆ ಕೂಗಿದ, ಮತ್ತೆ ನಡೆದ. ಹೊಲದ ಕೊನೆ ಬಂತು. ಅವನು ನಿಲ್ಲಲಿಲ್ಲ. ಬದು ದಾಟಿ ಪಕ್ಕದವರ ತೊಗರಿಯೊಳಗೆ ಹೋದ.

“ಮಾಮಾ, ನಮ್ಮ ಹೊಲ ಮುಗೀತ್ರಿ,” ಎಂದು ಶಾಂತಮ್ಮ ತಂಬಿಗೆ ಹಿಡಿದು ಓಡಿದಳು. ನೀರೆಲ್ಲ ಅವಳ ಸೀರೆಯ ಮೇಲೆ. ಮಲ್ಲಣ್ಣ ಬೇರೆಯವರ ಹೊಲದಲ್ಲಿ ಚರಗ ಚೆಲ್ಲುತ್ತ ಅವರ ಹಿಂದೆ. ಆ ಹೊಲದವರು ತುತ್ತು ಕೈಯಲ್ಲಿ ಹಿಡಿದೇ ಎದ್ದು ನಿಂತು “ಚಲ್ಲಂಬರಿಗ್ಯೋ” ಅಂದರು. ಅದರಾಚೆಯ ಹೊಲದವರೂ ಅಂದರು. ನಾನು ನಕ್ಕು ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ನಕ್ಕು, ಆಯಿಯ ದಾರಿಯ ಮೇಲೆ ಕೂತುಬಿಟ್ಟೆ. ನನ್ನ ಸಣ್ಣ ದನಿಯಲ್ಲಿ ನಾನೂ ಒಮ್ಮೆ ಅಂದೆ. ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಮೂರನೇ ಹೊಲದಲ್ಲಿ ಬುಟ್ಟಿ ಖಾಲಿಯಾಯಿತು. ಮಲ್ಲಣ್ಣ ಅಪ್ಪನ ಕೈ ಹಿಡಿದು ತಿರುಗಿಸಿ ಕರೆತಂದ. ಬೆವರಿದ್ದ ಮುತ್ಯಾ ಬೇವಿನ ಗಿಡದವರೆಗೆ ಬಂದು, ನೆರಳಿನ ಅಂಚಿಗೆ ನಿಂತು, ಆಚೆ ಬಿಸಿಲಲ್ಲಿ ಕೂತುಕೊಂಡ.

“ನೆರಳಿಗಿ ಬರ್ರಿ ಮಾಮಾ,” ಶಾಂತಮ್ಮ ಕೈಸನ್ನೆ ಮಾಡಿ ಕರೆದಳು.

“ನೆರಳು ಆಕಿಂದು,” ಅಂದ.

ಮಲ್ಲಣ್ಣ ಕಾಲ ಬೆರಳಿನಿಂದ ಮಣ್ಣು ಕೆದರುತ್ತ ಅಂದ, “ವೈನಿ, ಒಂಬತ್ತನೇದು ಓದ್ರಿ.”

ನಾನು ಪುಸ್ತಕ ತೆರೆದು ಓದಿದೆ. “ಮುತ್ಯಾನಿಗೆ: ಹೂಂ.”

“ಅಂವಂದೆಲ್ಲಾ ಅದರಾಗ ಬರ್ತದ ಅಂತ ಅವ್ವ ಅಂದಿದ್ಲಂತ, ನೀವೇ ಹೇಳೀರಿ. ನೆರಳೂ ಬರ್ತದ ಹಂಗಾರ.”

ಅವನೂ ಶಾಂತಮ್ಮನೂ ಮುತ್ಯಾನ ಎರಡೂ ತೋಳು ಹಿಡಿದು ಎಬ್ಬಿಸಿ, ನಡೆಸಿ ತಂದು, ಆಯಿ ಕೂಡುತ್ತಿದ್ದ ಬೇರಿನ ಪಕ್ಕದಲ್ಲಿ, ಅವಳಷ್ಟು ಜಾಗ ಬಿಟ್ಟು ಕೂಡಿಸಿದರು. ನಾನು ಇಪ್ಪತ್ನಾಲ್ಕರ ಕೆಳಗಿನ ಖಾಲಿ ಸಾಲಿನಲ್ಲಿ, ಕೂಗಿಗೆ, ಮುತ್ಯಾನ ಹೆಸರು ಬರೆದೆ. ಶಾಂತಮ್ಮ ಅವನ ಮುಂದೆ ಸಜ್ಜೆ ರೊಟ್ಟಿ ಇಟ್ಟು, ಅವನ ಮುಖಕ್ಕೆ ಮುಖ ಕೊಟ್ಟು, ಊಟ ಮಾಡ್ರಿ ಎಂದು ಕೂಗಿದಳು.

“ಹೂಂ,” ಅಂದ ಮುತ್ಯಾ.